ಏಣಿ ಬಿಟ್ಟು ದೋಟಿ ಹಿಡಿದವರು

ಕಿಟಕಿ ತೊಳೆಯುವವನೆಂದರೆ ಬ್ರಿಟನ್ನಿನ ಹಳೆಯ ತಲೆಮಾರಿಗೆ ನೆನಪಾಗುವುದು ಹೆಗಲ ಮೇಲಿನ ಏಣಿ, ಕೈಯಲ್ಲಿನ ಬಕೆಟ್ಟು. ಏಣಿಯ ಮೇಲಿಂದ ಒಳಗೆ ಇಣುಕಿ ಕಂಡದ್ದನ್ನೆಲ್ಲ ಊರಿಗೆ ಹೇಳುವ ಅಂಥವನೊಬ್ಬನ ಹಾಡನ್ನು ಜಾರ್ಜ್ ಫಾರ್ಮ್‌ಬಿ ಎಂಬ ಹಾಸ್ಯನಟ 1936ರಲ್ಲಿ ಹಾಡಿ ಮನೆಮಾತಾಗಿದ್ದ. ಇಂದು ಅದೇ ಬೀದಿಗಳಲ್ಲಿ ಒಂದು ವ್ಯಾನು ಬಂದು ನಿಲ್ಲುತ್ತದೆ. ಒಳಗೆ ನೀರಿನ ಟ್ಯಾಂಕು, ಪಂಪು, ಸುರುಳಿ ಸುತ್ತಿದ ಪೈಪು. ಕೆಲಸಗಾರ ಇಳಿದು, ಒಂದರೊಳಗೊಂದು ಸೇರಿಕೊಂಡ ಕೊಳವೆಗಳ ಕೋಲನ್ನು ತೆಳುವಾದ ಮೇಲಿನ ತುಂಡಿನಿಂದ ಶುರುಮಾಡಿ ಒಂದೊಂದಾಗಿ ಎಳೆದು ಬಿಗಿಯುತ್ತಾನೆ. ತುದಿಯ ಬ್ರಷ್ಷಿನಿಂದ ನೀರು ಚಿಮ್ಮುತ್ತದೆ. ಎರಡನೆಯ ಮಹಡಿಯ ಗಾಜು ತೊಳೆಯುತ್ತಿರುವಾಗಲೂ ಅವನ ಕಾಲು ನೆಲದ ಮೇಲೆಯೇ. ಮಲೆನಾಡಿನ ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊನೆಗೌಡರು ಸಿಗದ ಕಾಲದಲ್ಲಿ, ಮರ ಹತ್ತದೆಯೇ ಕೊನೆ ಇಳಿಸಲು, ಔಷಧಿ ಹೊಡೆಯಲು ಬಂದ ಕಾರ್ಬನ್ ಫೈಬರ್ ದೋಟಿಯ ದಾಯಾದಿ ಇದು.

ದೋಟಿಯಷ್ಟೇ ಮುಖ್ಯವಾದದ್ದು ಅದರೊಳಗೆ ಹರಿಯುವ ನೀರು. ಬೋರ್‌ವೆಲ್ ನೀರಿನಲ್ಲಿ ತೊಳೆದ ಸ್ಟೀಲ್ ಲೋಟವನ್ನು ಒರೆಸದೆ ಬಿಟ್ಟರೆ ಬಿಳಿ ಚುಕ್ಕೆ ಉಳಿಯುತ್ತದಲ್ಲ, ಗಾಜಿನ ಕಥೆಯೂ ಅದೇ. ನೀರು ಆರಿಹೋಗುತ್ತದೆ, ಅದರಲ್ಲಿ ಕರಗಿದ್ದ ಸುಣ್ಣ ಕೂತುಬಿಡುತ್ತದೆ. ಏಣಿಯ ಕಾಲದಲ್ಲಿ ಪ್ರತಿ ಗಾಜನ್ನೂ ರಬ್ಬರ್ ಪಟ್ಟಿಯ ವೈಪರಿನಿಂದ ಎಳೆದು, ಅಂಚನ್ನು ಬಟ್ಟೆಯಿಂದ ಒರೆಸಲೇಬೇಕಿತ್ತು. ಒರೆಸಬೇಕಾದರೆ ಗಾಜಿನ ಹತ್ತಿರ ಹೋಗಬೇಕು, ಹೋಗಬೇಕಾದರೆ ಹತ್ತಬೇಕು. ಈ ಸರಪಳಿಯನ್ನು ಕಡಿದದ್ದು ನಮ್ಮ ಅಡುಗೆಮನೆಗಳಲ್ಲೂ ಕೂತಿರುವ ಆರ್‌ಓ. ಅಡುಗೆಮನೆಯ ಯಂತ್ರ ನಿಲ್ಲುವಲ್ಲಿ ಇವರದು ನಿಲ್ಲುವುದಿಲ್ಲ. ಆರ್‌ಓ ದಾಟಿದ ನೀರು ರಾಳದ ಹರಳು ತುಂಬಿದ ಸಿಲಿಂಡರನ್ನೂ ಹಾಯುತ್ತದೆ. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂವರೆಗೆ ಇರಬಹುದೆನ್ನುತ್ತದೆ ಭಾರತೀಯ ಮಾನಕ. ಕಿಟಕಿಯವನಿಗೆ ಬೇಕಾದದ್ದು ಸೊನ್ನೆ. ಬೆರಳುದ್ದದ ಟಿಡಿಎಸ್ ಮೀಟರನ್ನು ನೀರಿಗೆ ಅದ್ದಿ ನೋಡಿ, ಅಂಕಿ ಹತ್ತರ ಹತ್ತಿರ ಬಂತೆಂದರೆ ರಾಳ ಬದಲಿಸುವ ಯೋಚನೆ ಮಾಡುತ್ತಾನೆ. ಸೊನ್ನೆಯ ನೀರು ಏನನ್ನೂ ಬಿಟ್ಟುಹೋಗದೆ ಆರುತ್ತದೆ. ಒರೆಸುವ ಕೆಲಸವೇ ಇಲ್ಲವಾದ್ದರಿಂದ ಹತ್ತುವ ಕೆಲಸವೂ ಇಲ್ಲ.

ಈ ಬದಲಾವಣೆಗೆ ಕಾನೂನೂ ಒತ್ತಾಸೆಯಾಯಿತು. ಬ್ರಿಟನ್ನಿನಲ್ಲಿ 2005ರ ಏಪ್ರಿಲ್‌ನಿಂದ ಜಾರಿಗೆ ಬಂದ ಎತ್ತರದ ಕೆಲಸದ ನಿಯಮಗಳು ಮೊದಲು ಕೇಳುವ ಪ್ರಶ್ನೆ, ಎತ್ತರಕ್ಕೆ ಹೋಗದೆಯೇ ಈ ಕೆಲಸ ಆಗುತ್ತದೆಯೇ ಎಂಬುದು. ಆಗದಿದ್ದರೆ ಬೀಳದಂತೆ ತಡೆ, ಅದೂ ಆಗದಿದ್ದರೆ ಬಿದ್ದರೂ ಪೆಟ್ಟು ಕಡಿಮೆಯಾಗುವಂತೆ ಮಾಡು ಎಂಬ ಕ್ರಮ. ಏಣಿ ನಿಷೇಧವಾಯಿತೆಂದು ಆಗ ಹಬ್ಬಿದ ಸುದ್ದಿ ಸುಳ್ಳು. ಅಪಾಯ ಕಡಿಮೆಯಿರುವ, ಅರ್ಧ ಗಂಟೆಯೊಳಗಿನ ಕೆಲಸಕ್ಕೆ ಏಣಿ ಈಗಲೂ ಸಲ್ಲುತ್ತದೆ. ಆದರೆ ಮೊದಲ ಪ್ರಶ್ನೆಗೆ ದೋಟಿ ಎಷ್ಟು ಚೊಕ್ಕವಾದ ಉತ್ತರವೆಂದರೆ, ಅಲ್ಲಿಗೇ ಲೆಕ್ಕ ಮುಗಿಯಿತೆಂಬ ಭ್ರಮೆಗೂ ಅದು ದಾರಿಮಾಡಿತು. ಬೀಳುವ ಭಯ ಹೋಯಿತು, ನಿಜ. ಏಣಿಯಲ್ಲಿ ಎದುರಿಗೇ ಕಾಣುತ್ತಿದ್ದ ಒಂದು ಅಪಾಯದ ಜಾಗಕ್ಕೆ, ಕಣ್ಣಿಗೆ ಸುಲಭವಾಗಿ ಬೀಳದ ನಾಲ್ಕೈದು ಬಂದು ಕೂತಿವೆ ಎಂಬುದೂ ಅಷ್ಟೇ ನಿಜ.

ಮೊದಲನೆಯದು ಮತ್ತು ಎಲ್ಲಕ್ಕಿಂತ ದೊಡ್ಡದು ಕರೆಂಟು. ಕಾರ್ಬನ್ ಫೈಬರ್ ಹಗುರ, ಬಾಗದು, ಅದಕ್ಕೇ ಎಲ್ಲರಿಗೂ ಪ್ರಿಯ. ಅದು ವಿದ್ಯುತ್ ವಾಹಕವೂ ಹೌದು. ಬ್ರಿಟನ್ನಿನ ನಿಯಮದಂತೆ 33,000 ವೋಲ್ಟಿನವರೆಗಿನ ಮೇಲ್ತಂತಿ ರಸ್ತೆಯ ಮೇಲೆ ಕನಿಷ್ಠ 5.8 ಮೀಟರ್, ಬೇರೆಡೆ 5.2 ಮೀಟರ್ ಎತ್ತರದಲ್ಲಿದ್ದರೆ ಸಾಕು. 5.2 ಮೀಟರ್ ಎಂದರೆ ಹದಿನೇಳು ಅಡಿ. ಮಹಡಿ ಮನೆಯ ಮೇಲಿನ ಕಿಟಕಿಗೆಂದು ಎಳೆದ ಇಪ್ಪತ್ತು ಅಡಿಯ ದೋಟಿಯನ್ನು ನೆಟ್ಟಗೆ ನಿಲ್ಲಿಸಿದರೆ ಅದು ಆ ತಂತಿಯನ್ನು ದಾಟುತ್ತದೆ. ಮುಟ್ಟಲೇಬೇಕೆಂದೂ ಇಲ್ಲ, ಹೆಚ್ಚು ವೋಲ್ಟೇಜಿನ ತಂತಿಯ ಸಮೀಪಕ್ಕೆ ಹೋದರೆ ಸಾಕು, ಕಿಡಿ ಹಾರಿ ಬರುತ್ತದೆ. ಇದಕ್ಕೆ ಎರಡು ಸಮಾಧಾನಗಳು ಕೇಳಿಬರುತ್ತವೆ. ಶುದ್ಧ ನೀರು ಕರೆಂಟು ಹರಿಸುವುದಿಲ್ಲವಲ್ಲ ಎಂಬುದು ಒಂದು. ಪ್ರಯೋಗಾಲಯದ ಮಟ್ಟಿಗೆ ಸರಿ. ಬ್ರಷ್ಷಿನಿಂದ ಹೊರಬಿದ್ದು, ಗೋಡೆಯ ಧೂಳು, ಹಕ್ಕಿಯ ಹಿಕ್ಕೆ ಕಲಸಿಕೊಂಡು ದೋಟಿಯ ಮೈಮೇಲೆ ಇಳಿದು ಕೈಗವಸನ್ನು ತೊಯ್ಯಿಸುವ ನೀರು ಆ ಹೊತ್ತಿಗೆ ಶುದ್ಧವಾಗಿ ಉಳಿದಿರುವುದಿಲ್ಲ. ಕೈ ಹಿಡಿಯುವ ಬುಡದ ತುಂಡನ್ನು ಗ್ಲಾಸ್ ಫೈಬರಿನಲ್ಲಿ ಮಾಡಿದರಾಯಿತು ಎಂಬುದು ಇನ್ನೊಂದು. ಅದು ಸ್ವಲ್ಪ ನೆರವಾದೀತು. ಆದರೆ ಅದೇ ಕೊಳಕು ನೀರಿನಲ್ಲಿ ತೊಯ್ದ ತುಂಡು ತಂತಿಯ ಎದುರು ಎಷ್ಟು ಹೊತ್ತು ನಿಂತೀತೆಂದು ಪಣ ಕಟ್ಟುವುದು ಬುದ್ಧಿವಂತಿಕೆಯಲ್ಲ. ಹಾಗಾಗಿ ಕಸುಬು ಬಲ್ಲವನ ಮೊದಲ ಕೆಲಸ ದೋಟಿ ಎಳೆಯುವುದಲ್ಲ, ಬರಿಗೈಯಲ್ಲಿ ಮನೆಗೊಂದು ಸುತ್ತು ಹಾಕಿ ತಲೆಯೆತ್ತಿ ನೋಡುವುದು. ತಂತಿ ಹತ್ತಿರವಿದ್ದರೆ ಆ ಕಿಟಕಿಯನ್ನು ಬಿಡುತ್ತಾನೆ, ಹಣವನ್ನೂ ಬಿಡುತ್ತಾನೆ. ಎಳೆದ ದೋಟಿಯನ್ನು ಹಿಡಿದುಕೊಂಡೇ ಒಂದು ಮನೆಯಿಂದ ಇನ್ನೊಂದಕ್ಕೆ ನಡೆಯುವುದಿಲ್ಲ.

ಇನ್ನುಳಿದವು ಇಷ್ಟು ಭೀಕರವಲ್ಲ, ಹಾಗೆಂದು ಸಣ್ಣವೂ ಅಲ್ಲ. ಫುಟ್‌ಪಾತಿಗೆ ಅಡ್ಡಲಾಗಿ ಮಲಗಿದ ಪೈಪು ಎಡವಿಸುವುದು ದಾರಿಹೋಕರನ್ನು. ಎಚ್ಚರಿಕೆಯ ಫಲಕ, ಕೋನುಗಳು ಅದಕ್ಕಾಗಿ. ಚಳಿಗಾಲದ ಬೆಳಗ್ಗೆ ಗಾಜಿನಿಂದಿಳಿದ ನೀರು ಮೆಟ್ಟಿಲ ಮೇಲೆ ಹೆಪ್ಪುಗಟ್ಟಿದರೆ ಜಾರುವವರು ಮನೆಯ ಹಿರಿಯರು. ವ್ಯಾನಿನಲ್ಲಿ 500 ಲೀಟರ್ ನೀರೆಂದರೆ ಅರ್ಧ ಟನ್. ಬೆಲ್ಟಿನಲ್ಲಿ ಕಟ್ಟಿದ ಟ್ಯಾಂಕು ಒಮ್ಮೆಲೇ ಬ್ರೇಕ್ ಹಾಕಿದಾಗ ಚಾಲಕನ ಬೆನ್ನಿಗೇ ಬರುತ್ತದೆ, ಅದಕ್ಕೆ ನೆಲದ ಚೌಕಟ್ಟಿಗೆ ಬೋಲ್ಟ್ ಮಾಡಿದ ಉಕ್ಕಿನ ಕಟ್ಟು ಬೇಕು. ಆರ್‌ಓಗೆ ಮೊದಲು ಬರುವ ಇದ್ದಿಲ ಫಿಲ್ಟರು ಕ್ಲೋರಿನ್ನನ್ನೂ ತೆಗೆದುಹಾಕುತ್ತದೆ. ಹೀಗೆ ಕಾವಲಿಲ್ಲದ ನೀರು ಬಿಸಿಲಿಗೆ ನಿಂತ ವ್ಯಾನಿನಲ್ಲಿ 20ರಿಂದ 45 ಡಿಗ್ರಿಯ ನಡುವೆ ದಿನಗಟ್ಟಲೆ ಉಳಿದರೆ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಲು ಅನುಕೂಲ. ಅದು ಶ್ವಾಸಕೋಶಕ್ಕೆ ಹೋಗುವುದು ಸಣ್ಣ ತುಂತುರಿನ ಮೂಲಕ. ಹಳೆ ನೀರನ್ನು ಚೆಲ್ಲುವುದು, ಟ್ಯಾಂಕು ತೊಳೆಯುವುದು ಗಾಜು ತೊಳೆಯುವಷ್ಟೇ ಕಸುಬಿನ ಭಾಗ.

ನಿಧಾನವಾಗಿ ಬರುವುದು ಕತ್ತು, ಭುಜದ ನೋವು. ದಿನವಿಡೀ ಮುಖ ಮೇಲೆತ್ತಿ, ತೋಳನ್ನು ತಲೆಗಿಂತ ಎತ್ತರದಲ್ಲಿಟ್ಟು ಉಜ್ಜುವವನಿಗೆ ಸಂಜೆ ತಲೆ ತಿರುಗಿಸುವುದೇ ಕಷ್ಟ. ದೋಟಿಯ ತೂಕ ಅಷ್ಟೇನಿಲ್ಲ. ಉದ್ದವಾದಂತೆ, ಅದು ಸ್ವಲ್ಪ ವಾಲಿದರೂ ಹಿಡಿದ ಕೈಗೆ ಭಾರವಾಗುತ್ತದೆ. ಬಲ್ಲವರು ಗೋಡೆಯಿಂದ ಹದವಾಗಿ ಹಿಂದೆ ಸರಿದು, ಸೊಂಟದ ಮಟ್ಟದಲ್ಲಿ ಹಿಡಿದು, ಕೈಯಿಂದ ಉಜ್ಜುವ ಬದಲು ಕಾಲು ಹಿಂದೆ ಮುಂದೆ ಇಟ್ಟು ಮೈಯಿಂದ ಉಜ್ಜುತ್ತಾರೆ. ಮೇಲಿನ ಚೌಕಟ್ಟಿನಿಂದ ಶುರು, ಗಾಜು ಆಮೇಲೆ, ಕೊನೆಗೆ ಮೇಲಿಂದ ಕೆಳಕ್ಕೆ ತೊಳೆದು ಬಿಡುವುದು.

ಹಳಬರ ಆಕ್ಷೇಪವೊಂದಿದೆ: ವೈಪರಿನ ಕೆಲಸಕ್ಕೆ ಸಮ ಯಾವುದೂ ಇಲ್ಲ, ದೋಟಿಯವರು ಚುಕ್ಕೆ ಬಿಡುತ್ತಾರೆ. ವರ್ಷಗಟ್ಟಲೆ ತೊಳೆಯದ ಚೌಕಟ್ಟಿನ ಸಂದಿಯಿಂದ ಮೊದಲೆರಡು ಸಲ ಕೊಳೆ ಇಳಿಯುವುದು ನಿಜ. ಹತ್ತಿರದಿಂದ ನೋಡುವ ಅಂಗಡಿಯ ಗಾಜಿಗೆ ವೈಪರೇ ಸರಿ, ಅಲ್ಲಿ ಏಣಿಯೂ ಬೇಡ. ಮೇಲಿನ ಮಹಡಿಯ ಮಾತು ಬೇರೆ. ಇಷ್ಟೆಲ್ಲ ಅಪಾಯ ಎಣಿಸಿದ ಮೇಲೆ ಏಣಿಯೇ ವಾಸಿಯಲ್ಲವೇ ಎಂದು ಕೇಳುವವರೂ ಇದ್ದಾರೆ. ವಾಸಿಯಲ್ಲ. ಎಡವಿದವನು ಎದ್ದು ನಿಲ್ಲುವ ಸಾಧ್ಯತೆ ಏಣಿಯಿಂದ ಬಿದ್ದವನಿಗಿಂತ ಹೆಚ್ಚು. ಮೇಲಾಗಿ, ಏಣಿಯ ಮೇಲೆ ಕಾಲು ತಪ್ಪುವುದನ್ನು ಮೊದಲೇ ಊಹಿಸುವುದು ಕಷ್ಟ, ಆದರೆ ತಂತಿ ನಿನ್ನೆಯೂ ಅಲ್ಲೇ ಇತ್ತು, ನಾಳೆಯೂ ಅಲ್ಲೇ ಇರುತ್ತದೆ. ಅದನ್ನು ನೋಡಿಕೊಳ್ಳುವುದಕ್ಕೆ ಒಂದು ನಿಮಿಷ ಸಾಕು.

ಆ ಒಂದು ನಿಮಿಷದ ಲೆಕ್ಕ ನಮ್ಮಲ್ಲಿಗೂ ಬರುತ್ತದೆ. ಅರವತ್ತು ಅಡಿಯ ಕಾರ್ಬನ್ ದೋಟಿ ಈಗ ಸಾಗರ, ಶಿರಸಿ, ಪುತ್ತೂರಿನ ತೋಟಗಳಲ್ಲಿ ಹೊಸತೇನಲ್ಲ. ಅದನ್ನೆತ್ತಿ ಬೋರ್ಡೋ ದ್ರಾವಣ ಹೊಡೆಯುವುದು ಮಳೆ ಬಿಡುವು ಕೊಟ್ಟ ಹೊತ್ತಿನಲ್ಲಿ, ಒದ್ದೆ ಕೈಯಲ್ಲಿ, ಮೈಲುತುತ್ತು ಕಲಸಿದ ನೀರು ದೋಟಿಯ ಮೈಯಲ್ಲಿ ಇಳಿಯುತ್ತಿರುವಾಗ. ಎಷ್ಟೋ ಕಡೆ ಪಂಪ್‌ಸೆಟ್ಟಿನ ಲೈನು ತೋಟದ ಅಂಚಿನಲ್ಲೇ ಹಾದುಹೋಗಿರುತ್ತದೆ.