ತುಪ್ಪ ಬಿಟ್ಟವರ ಲಿವರ್‌ನಲ್ಲೂ ಕೊಬ್ಬು

ಫ್ರಾನ್ಸಿನಲ್ಲಿ ‘ಫ್ವಾ ಗ್ರಾ’ ಎಂಬ ದುಬಾರಿ ಖಾದ್ಯವಿದೆ. ಹೆಸರಿನ ಅರ್ಥವೇ ಕೊಬ್ಬಿದ ಲಿವರ್. ಅದಕ್ಕಾಗಿ ಬಾತುಗಳ ಗಂಟಲಿಗೆ ಕೊಳವೆ ಇಳಿಸಿ ತುರುಕುವುದು ಬೆಣ್ಣೆಯನ್ನಲ್ಲ, ಮುಸುಕಿನ ಜೋಳವನ್ನು. ಒಳಹೋದ ಪಿಷ್ಟವನ್ನೆಲ್ಲ ಕೊಬ್ಬು ಮಾಡಿಟ್ಟುಕೊಂಡು ಲಿವರ್ ಹಲವು ಪಟ್ಟು ಊದುತ್ತದೆ. ಸ್ಕ್ಯಾನ್ ವರದಿಯಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂದು ಕಂಡು, ‘ಕುಡಿಯೋದಿಲ್ಲ, ಹೋಳಿಗೆಗೆ ತುಪ್ಪ ಹಾಕಿಕೊಳ್ಳೋದನ್ನೂ ಬಿಟ್ಟಿದ್ದೇನಲ್ಲ’ ಎಂದು ಅಲವತ್ತುಕೊಳ್ಳುವವರಿಗೆ ನಾನು ಈ ಬಾತಿನ ಕತೆ ಹೇಳುವುದುಂಟು. ಹೋಳಿಗೆಯನ್ನು ಬಿಟ್ಟಿಲ್ಲವಲ್ಲ!

ಮನುಷ್ಯರಲ್ಲಿ ಲೆಕ್ಕ ಇನ್ನೂ ಸ್ವಾರಸ್ಯದ್ದು. ಫ್ಯಾಟಿ ಲಿವರ್ ಇದ್ದವರ ಯಕೃತ್ತಿನ ಕೊಬ್ಬು ಎಲ್ಲಿಂದ ಬಂತೆಂದು ಅಮೆರಿಕದ ಸಂಶೋಧಕರು ಪತ್ತೆ ಹಚ್ಚಿ 2005ರಲ್ಲಿ ಪ್ರಕಟಿಸಿದರು. ನೇರವಾಗಿ ಊಟದ ಜಿಡ್ಡಿನಿಂದ ಬಂದದ್ದು ಸುಮಾರು ಶೇ 15. ಲಿವರ್ ತಾನೇ ಸಕ್ಕರೆ, ಪಿಷ್ಟಗಳಿಂದ ತಯಾರಿಸಿಕೊಂಡದ್ದು ಶೇ 26. ಉಳಿದ ಶೇ 59 ಮೈಯಲ್ಲಿ ಮೊದಲೇ ಶೇಖರವಾಗಿದ್ದ ಕೊಬ್ಬು ಕರಗಿ, ರಕ್ತದಲ್ಲಿ ತೇಲಿ ಬಂದದ್ದು.

ಅದು ಅಲ್ಲಿಂದ ಕದಲಿದ್ದೇಕೆ? ಇನ್ಸುಲಿನ್‌ನ ಮಾತು ನಡೆಯದೆ ಹೋದದ್ದರಿಂದ. ಉಂಡ ಮೇಲೆ ಕೊಬ್ಬಿನ ಕೋಶಗಳಿಗೆ ‘ಬಾಗಿಲು ಹಾಕಿಕೊಳ್ಳಿ’ ಎನ್ನುವುದು ಇನ್ಸುಲಿನ್. ಅವು ಮೊಂಡು ಬಿದ್ದರೆ ಕೊಬ್ಬು ಸೋರುತ್ತಲೇ ಇರುತ್ತದೆ. ಲಿವರ್‌ನದು ಇನ್ನೂ ವಿಚಿತ್ರ ಜಾಣಕಿವುಡು: ‘ರಕ್ತಕ್ಕೆ ಸಕ್ಕರೆ ಬಿಡಬೇಡ’ ಎಂದರೆ ಕೇಳಿಸದು, ‘ಕೊಬ್ಬು ಮಾಡು’ ಎಂದರೆ ಚೆನ್ನಾಗಿ ಕೇಳಿಸುತ್ತದೆ! ಹೀಗೆ ತುಂಬಿಕೊಂಡ ಲಿವರ್ ಸುಮ್ಮನಿರುವುದಿಲ್ಲ. ಟ್ರೈಗ್ಲಿಸರೈಡನ್ನೂ ಸಕ್ಕರೆಯನ್ನೂ ರಕ್ತಕ್ಕೆ ಸುರಿಯುತ್ತದೆ. ಒಳ್ಳೆಯ ಕೊಲೆಸ್ಟ್ರಾಲ್ ಎನಿಸಿದ ಎಚ್‌ಡಿಎಲ್ ಇಳಿಯುತ್ತದೆ.

ಈ ಏರುಪೇರುಗಳೆಲ್ಲ ಒಂದೇ ಕುಟುಂಬದವು ಎಂದು 1988ರಲ್ಲಿ ಗಟ್ಟಿಯಾಗಿ ಹೇಳಿದವರು ಸ್ಟ್ಯಾನ್‌ಫರ್ಡ್‌ನ ಜೆರಾಲ್ಡ್ ರೀವನ್. ಈಗದು ಮೆಟಬಾಲಿಕ್ ಸಿಂಡ್ರೋಮ್. ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಎಚ್‌ಡಿಎಲ್ ಗಂಡಸರಲ್ಲಿ 40, ಹೆಂಗಸರಲ್ಲಿ 50ಕ್ಕಿಂತ ಕಡಿಮೆ, ರಕ್ತದೊತ್ತಡ 130/85, ಬರಿಹೊಟ್ಟೆಯ ಸಕ್ಕರೆ 100 ಮುಟ್ಟಿರುವುದು, ಜೊತೆಗೆ ಸೊಂಟದ ಸುತ್ತಳತೆ ಮಿತಿ ಮೀರಿರುವುದು. ಐದರಲ್ಲಿ ಮೂರಿದ್ದರೆ ಸಾಕು. 2023ರಲ್ಲಿ ತಜ್ಞರು ಫ್ಯಾಟಿ ಲಿವರ್‌ನ ವೈದ್ಯಕೀಯ ಹೆಸರಿಗೇ ‘ಮೆಟಬಾಲಿಕ್’ ಪದವನ್ನು ಸೇರಿಸಿದರು. ತಡವಾಯಿತೆಂದೇ ನನ್ನ ಅನಿಸಿಕೆ, ಏಕೆಂದರೆ ಈ ರೋಗಿಗಳ ಜೀವ ತೆಗೆಯುವುದರಲ್ಲಿ ಮುಂದಿರುವುದು ಲಿವರ್ ಅಲ್ಲ, ಹೃದಯ.

‘ನಾನು ಸಣಕಲು’ ಎನ್ನುವವರಿಗೂ ವಿನಾಯಿತಿಯಿಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಚಿತ್ರ ಹಾಕಿಕೊಂಡರು. ಇಬ್ಬರ ಬಿಎಂಐ 22.3. ಮೈಕೊಬ್ಬು ಮಾತ್ರ ಯುಡ್ಕಿನ್‌ರದು ಶೇ 9.1, ಯಾಜ್ಞಿಕ್‌ರದು ಶೇ 21.2! ಅದಕ್ಕೇ ನಮ್ಮವರಿಗೆ ಸೊಂಟದ ಮಿತಿ ಬಿಗಿ: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80.

ತೂಕದಲ್ಲಿ ಶೇ 5ರಷ್ಟು ಇಳಿದರೂ ಲಿವರ್‌ನ ಕೊಬ್ಬು ಕರಗತೊಡಗುತ್ತದೆ. ಉರಿಯೂತ ತಗ್ಗಲು ಶೇ 7ರಿಂದ 10 ಬೇಕು. ರಕ್ತಪರೀಕ್ಷೆಯಲ್ಲಿ ಲಿವರ್‌ನ ಕಿಣ್ವ ಎಸ್‌ಜಿಪಿಟಿ ಸರಿಯಿದೆಯೆಂದು ನಿರಾಳವಾಗಬೇಡಿ, ಫ್ಯಾಟಿ ಲಿವರ್ ಇದ್ದೂ ಅದು ಸರಿಯಿರಬಹುದು. ಪ್ಯಾಂಟಿನ ಸೈಜನ್ನಂತೂ ನಂಬಲೇಬೇಡಿ. ಹೊಟ್ಟೆಯ ಕೆಳಗೆ ಜಾರಿಸಿ ಬೆಲ್ಟ್ ಬಿಗಿಯುವವರ ಪ್ಯಾಂಟು ಇಪ್ಪತ್ತು ವರ್ಷವಾದರೂ 34ರಲ್ಲೇ ಇರುತ್ತದೆ.