ಪಣಂಬೂರು: ಬಂದರಿನ ಸುತ್ತಣ ಉಪನಗರ ಜೀವನ

ನಗರದ ಅಂಚಿನಲ್ಲಿರುವ ಊರುಗಳೆಲ್ಲವನ್ನೂ ‘ಉಪನಗರ’ವೆಂಬ ಒಂದೇ ಹೆಸರಿನಿಂದ ಕರೆಯುವುದು ವಾಡಿಕೆ. ಆದರೆ ಅವು ಹುಟ್ಟಿದ ಬಗೆ ಒಂದೇ ಅಲ್ಲ. ಈ ಭೇದವನ್ನು ಪಣಂಬೂರಿನ ನಿದರ್ಶನದಿಂದ ವಿಶದಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ನಸ್ಸಾ ಕೌಂಟಿಯಲ್ಲಿ 1947ರಿಂದ ಬೆಳೆದ ಲೆವಿಟೌನ್ ಒಂದು ಬಗೆಯ ಉಪನಗರ. ಅಲ್ಲಿ ಹೊಲಗಳ ಮೇಲೆ ಮೊದಲು ಮನೆಗಳೆದ್ದವು. ನಗರವನ್ನು ಬಿಡಬಯಸಿದವರು ಅನಂತರ ಬಂದು ನೆಲಸಿದರು. ಆರಂಭದಲ್ಲಿ ಬಿಳಿಯರಿಗೆ ಮಾತ್ರ ಅಲ್ಲಿ ಅವಕಾಶವಿದ್ದಿತಾದರೂ, ಬಂದವರು ಸ್ವೇಚ್ಛೆಯಿಂದಲೇ ಬಂದರು.

ಪಣಂಬೂರಿನಲ್ಲಿ ಈ ಕ್ರಮವು ತಿರುವುಮುರುವಾಯಿತು. ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯಲ್ಲಿರುವ ಮಂಗಳೂರಿನ ಹಳೆಯ ಬಂದರು ಆಳವಿಲ್ಲದುದು. ದೊಡ್ಡ ಹಡಗುಗಳು ಕಡಲಿನಲ್ಲಿಯೇ ದೂರ ನಿಲ್ಲಬೇಕಾಗಿದ್ದಿತು. ಆದಕಾರಣ ಸರ್ವಋತು ಬಂದರೊಂದನ್ನು ಪಣಂಬೂರಿನಲ್ಲಿ ನಿರ್ಮಿಸುವ ಕಾರ್ಯವು 1962ರಲ್ಲಿ ಮೊದಲಾಯಿತು. ಇದು ನೆಲವನ್ನೇ ಅಗೆದು ಒಳಕ್ಕೆ ನೀರು ತಂದು ರಚಿಸಿದ ಬಂದರು; ಎಂದರೆ, ಗ್ರಾಮದ ನೆಲವೇ ಹಡಗುದಾಣವಾಯಿತು. 1974ರಲ್ಲಿ ಇದನ್ನು ಪ್ರಧಾನ ಬಂದರೆಂದು ಘೋಷಿಸಲಾಯಿತು. 1976ರಲ್ಲಿ ರಸಗೊಬ್ಬರ ಕಾರ್ಖಾನೆಯು ಉತ್ಪಾದನೆಯನ್ನಾರಂಭಿಸಿತು; ಮುಂದೆ ಕುದುರೆಮುಖದ ಅದಿರಿನ ಉಂಡೆ ಕಾರ್ಖಾನೆಯೂ ಬಂದಿತು.

ಬಂದರಿಗಾಗಿ ನೆಲವನ್ನು ಬಿಟ್ಟ ಕುಟುಂಬಗಳಿಗೆ ಸುರತ್ಕಲ್ಲಿನ ಪೂರ್ವಕ್ಕಿರುವ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಪುನರ್ವಸತಿ ಏರ್ಪಟ್ಟಿತು. ಮೂರನೆಯ ಬ್ಲಾಕು, ಏಳನೆಯ ಬ್ಲಾಕು ಎಂಬ ಅಂಕಿಗಳು ಇಂದಿಗೂ ಅಲ್ಲಿನ ವಿಳಾಸಗಳಲ್ಲಿವೆ. ಹಿತ್ತಿಲಿಗೂ ಗದ್ದೆಗೂ ಒಂದೊಂದು ಹೆಸರಿರುವ ತುಳುನಾಡಿನಲ್ಲಿ ಇದು ಸಣ್ಣ ಮಾತಲ್ಲ. ನಿವೇಶನಕ್ಕೆ ಬದಲು ನಿವೇಶನವನ್ನು ಕೊಡಬಹುದು; ಮನೆಯ ಮುಂದಿನ ಕಡಲನ್ನಾಗಲಿ, ದೈವಸ್ಥಾನದ ಸುತ್ತ ಹೆಣೆದುಕೊಂಡ ನೆರೆಹೊರೆಯನ್ನಾಗಲಿ ಅಳೆದು ಕೊಡಲು ಸಾಧ್ಯವಿಲ್ಲ.

ಹೀಗೆ ಒಂದೇ ಬಂದರಿನಿಂದ ಮೂರು ಬಗೆಯ ವಸತಿಗಳು ಉಂಟಾದವು: ಉದ್ಯೋಗಕ್ಕಾಗಿ ಬಂದವರ ಸಿಬ್ಬಂದಿ ವಸತಿಗಳು, ಎಬ್ಬಿಸಲ್ಪಟ್ಟವರ ಬಡಾವಣೆಗಳು, ಕುಳಾಯಿ, ಬೈಕಂಪಾಡಿಗಳಂತೆ ಕಾರ್ಖಾನೆಗಳ ನಡುವೆ ಉಳಿದ ಹಳೆಯ ಊರುಗಳು. ಇಂದು ಇವೆಲ್ಲವೂ ಮಂಗಳೂರು ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿವೆ. ಆಡಳಿತದ ದೃಷ್ಟಿಗೆ ಇವು ಸಮಾನವಾದ ವಾರ್ಡುಗಳು. ಸಮಾಜದ ದೃಷ್ಟಿಗೆ ಅಲ್ಲ. ಮೊದಲನೆಯವರು ಬಂದರಿನಿಂದ ಜೀವನೋಪಾಯವನ್ನು ಪಡೆದರು. ಎರಡನೆಯವರು ಅದಕ್ಕಾಗಿ ನೆಲೆಯನ್ನೇ ತೆತ್ತರು. ಮೂರನೆಯವರು ಅದರ ಹೊಗೆ, ಧೂಳುಗಳ ನೆರೆಯಲ್ಲಿ ಬಾಳುತ್ತಿದ್ದಾರೆ.

ಆದುದರಿಂದ ಉಪನಗರಗಳ ಅಧ್ಯಯನವನ್ನು ಕೈಗೊಳ್ಳುವ ವಿದ್ಯಾರ್ಥಿಯು ನಕ್ಷೆಯ ಗಡಿಯಿಂದಲ್ಲ, ಜನರ ಚಲನೆಯಿಂದ ತೊಡಗುವುದು ಯುಕ್ತ. ಇಲ್ಲಿಗೆ ಯಾರು ಬಂದರು ಎಂಬ ಪ್ರಶ್ನೆಯೊಡನೆ, ಇಲ್ಲಿಂದ ಯಾರು, ಎಲ್ಲಿಗೆ, ಯಾರ ನಿರ್ಧಾರದಿಂದ ಹೋದರು ಎಂಬುದನ್ನೂ ಕೇಳಬೇಕು. ಪಣಂಬೂರೆಂಬ ಹೆಸರು ಕಡಲತೀರದಲ್ಲಿ ಉಳಿದಿದೆ. ಆ ಊರಿನ ಚರಿತ್ರೆಯ ಒಂದು ಭಾಗವನ್ನು ಮಾತ್ರ ಕಾಟಿಪಳ್ಳದಲ್ಲಿ ಅರಸಬೇಕಾಗಿದೆ.