ಅಥಣಿಯ ಅಟ್ಟೆ, ಕೊಲ್ಹಾಪುರದ ಹೆಸರು

2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ಪ್ರಾಡಾ ಕಂಪನಿಯ ಫ್ಯಾಷನ್ ಷೋ ಒಂದು ಚಪ್ಪಲಿಯಿಂದಾಗಿ ವಿವಾದಕ್ಕೆ ಸಿಲುಕಿತು. ರೂಪದರ್ಶಿಗಳು ಮೆಟ್ಟಿ ನಡೆದದ್ದು ಕೊಲ್ಹಾಪುರಿ ಚಪ್ಪಲಿಯ ಪಡಿಯಚ್ಚು, ಆದರೆ ಎಲ್ಲಿಯದೆಂಬ ಹೆಸರಿಲ್ಲ. ಮಹಾರಾಷ್ಟ್ರದವರು ಸಿಟ್ಟಾದರು. ನಮ್ಮ ಕರ್ನಾಟಕದ ಸಚಿವ ಪ್ರಿಯಾಂಕ್ ಖರ್ಗೆ, ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕುಶಲಕರ್ಮಿಗಳ ಪಾಲನ್ನೂ ಮರೆಯಬೇಡಿ ಎಂದರು. ಮಾತು ನಿಜ. ಇಲ್ಲಿ ಹೊಲಿದ ಚಪ್ಪಲಿಗೆ ಸಂತೆ ಕೊಲ್ಹಾಪುರದ್ದು. ಕಾಲಕ್ರಮೇಣ ಸಂತೆಯ ಹೆಸರೇ ಸರಕಿಗೆ ಅಂಟಿತು. ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಕೂಡ ಎರಡೂ ರಾಜ್ಯಗಳಿಗೆ ಜಂಟಿಯಾಗಿದೆ: ಅತ್ತ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ, ಇತ್ತ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ.

ಹೆಸರು ಯಾರದೆಂಬ ವಾದ ಹೇಗಾದರೂ ಬಗೆಹರಿದೀತು. ಇನ್ನಿಪ್ಪತ್ತು ವರ್ಷಕ್ಕೆ ಇದನ್ನು ಹೊಲಿಯುವ ಕೈ ಯಾರದು ಎಂಬುದು ಅದಕ್ಕಿಂತ ಕಠಿಣ ಪ್ರಶ್ನೆ.

ಈ ಚಪ್ಪಲಿಯಲ್ಲಿ ಮೊಳೆಯಿಲ್ಲ. ತೊಗಲನ್ನು ತೊಗಲಿನ ದಾರದಿಂದಲೇ ಹೊಲಿಯುತ್ತಾರೆ. ಅಟ್ಟೆಗೆ ಎಮ್ಮೆಯ ದಪ್ಪ ತೊಗಲು, ಮೇಲಿನ ಹೆಣಿಕೆಗೆ ಆಡಿನ ಮೆತ್ತನೆಯ ತೊಗಲು. ಹದ ಮಾಡುವ ಹಳೆಯ ಕ್ರಮದಲ್ಲಿ ಮೊದಲು ಸುಣ್ಣದ ನೀರು, ಆಮೇಲೆ ಜಾಲಿ ತೊಗಟೆ ಮತ್ತು ಅಳಲೆಕಾಯಿಯ ಒಗರು. ತೊಗಲನ್ನೇ ಚೀಲದಂತೆ ಹೊಲಿದು ತೂಗುಹಾಕಿ, ಒಳಗೆ ಆ ಒಗರು ನೀರು ತುಂಬಿ, ಅದು ಹನಿಹನಿಯಾಗಿ ಜಿನುಗುತ್ತ ತೊಗಲಿಗೆ ಇಳಿಯುವಂತೆ ಬಿಡುತ್ತಿದ್ದರು. ರಾಸಾಯನಿಕ ಹಾಕಿ ಅವಸರಿಸುವ ಕೆಲಸವಲ್ಲ. ಅದಕ್ಕೇ ಹೊಸತರಲ್ಲಿ ಬಿಗಿ ಎನಿಸುವ ಈ ಚಪ್ಪಲಿ ಕೆಲವು ದಿನಗಳಲ್ಲಿ ಮೆಟ್ಟಿದವರ ಪಾದದ ಆಕಾರಕ್ಕೇ ಬಂದುಬಿಡುತ್ತದೆ. ಅಟ್ಟೆಯ ಪದರಗಳ ನಡುವೆ ಬೀಜ ಇಟ್ಟು ಹೊಲಿದು ‘ಕರ್ ಕರ್’ ಸದ್ದು ಬರಿಸುವ ಜಾಣತನವೂ ಇದೆ. ಬರುವವನಿಗಿಂತ ಮೊದಲು ಅವನ ಗತ್ತು ಬರಲಿ ಎಂದು!

ರಂಪಿಗೆ ಹಿಡಿದು ಅಟ್ಟೆ ಕತ್ತರಿಸುವುದು ಸಾಮಾನ್ಯವಾಗಿ ಗಂಡಸರ ಕೆಲಸ. ಪಟ್ಟಿ ಹೆಣೆಯುವುದು, ಹೊಲಿಯುವುದು ಹೆಚ್ಚಾಗಿ ಹೆಂಗಸರದು. ರಂಪಿಗೆಯನ್ನು ಎಷ್ಟು ಒತ್ತಬೇಕು, ತೊಗಲಿನ ಯಾವ ಭಾಗ ಅಟ್ಟೆಗಾದೀತು, ಯಾವುದು ಹಿಗ್ಗೀತು ಎನ್ನುವುದಕ್ಕೆ ಪಠ್ಯಪುಸ್ತಕವಿಲ್ಲ. ಅಪ್ಪನ ಪಕ್ಕ, ಅವ್ವನ ಪಕ್ಕ ಕೂತು, ತೊಗಲು ಕೆಡಿಸಿ, ಬೈಸಿಕೊಂಡು ಕಲಿತದ್ದೇ ವಿದ್ಯೆ.

ಮನೆಯೇ ಆಗಿದ್ದ ಆ ಶಾಲೆ ಈಗ ಖಾಲಿಯಾಗುತ್ತಿದೆ. ಮಕ್ಕಳು ಸಕ್ಕರೆ ಕಾರ್ಖಾನೆಗೆ, ಇಚಲಕರಂಜಿಯ ಮಗ್ಗಗಳಿಗೆ, ಪುಣೆ-ಬೆಂಗಳೂರಿಗೆ ಹೋಗುತ್ತಾರೆ. ಹೋಗದೆ ಏನು ಮಾಡಿಯಾರು? ಕೈಕೆಲಸದ ದಿನಗೂಲಿ ಕಡಿಮೆ, ತೊಗಲಿನ ಬೆಲೆ ಏರುಮುಖ, ಎದುರಿಗೆ ಅಗ್ಗದ ರೆಕ್ಸಿನ್ ನಕಲಿ. ಇವೆಲ್ಲಕ್ಕಿಂತ ಭಾರವಾದದ್ದು ಜಾತಿ. ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯನವರನ್ನು ಶರಣರೆಂದು ಪೂಜಿಸುವ ನಾಡೇ ತೊಗಲು ಮುಟ್ಟಿದವರನ್ನು ಊರಾಚೆ ಇಟ್ಟಿತು. ಮಗ ಈ ಕಸುಬು ಬಿಡಲಿ ಎಂದು ತಂದೆಯೇ ಬಯಸಿದರೆ ಅದು ತಪ್ಪಲ್ಲ. ಪರಂಪರೆ ಉಳಿಸಿ ಎಂದು ಅವನಿಗೆ ಉಪದೇಶ ಮಾಡುವ ಹಕ್ಕು ಉಳಿದವರಿಗಿಲ್ಲ.

ಹಾಗಾದರೆ ದಾರಿ ಏನು? ಒಂದು ಉದಾಹರಣೆ ಅಥಣಿಯಲ್ಲೇ ಇದೆ. 1990ರ ದಶಕದ ಕೊನೆಗೆ ಮಧುರಾ ಛತ್ರಪತಿ ಅವರ ‘ಅಸೆಂಟ್’ ಸಂಸ್ಥೆ ಇಲ್ಲಿಗೆ ಬಂದು, ಹೊಲಿಯುವ ಹೆಂಗಸರನ್ನು ಸ್ವಸಹಾಯ ಗುಂಪುಗಳಾಗಿ ಕಟ್ಟಿತು. ಆವರೆಗೆ ಅರ್ಧ ಕೆಲಸ ಮಾಡಿಯೂ ಅವರ ಹೆಸರು ಯಾವ ಲೆಕ್ಕದಲ್ಲೂ ಇರಲಿಲ್ಲ. ಮುಂದೆ ‘ಟೋಹೋಲ್ಡ್’ ಹೆಸರಿನಲ್ಲಿ ಈ ಗುಂಪುಗಳ ಚಪ್ಪಲಿ ವಿದೇಶಕ್ಕೂ ಹೋಯಿತು. ಈ ಗುಂಪುಗಳಿಗೆ ನಡೆದ ತರಬೇತಿಯಲ್ಲಿ ಹೊಲಿಗೆ ಕಲಿಸುವ ಪ್ರಮೇಯವೇ ಇರಲಿಲ್ಲ, ಅದು ಅವರಿಗೆ ಗೊತ್ತಿತ್ತು. ಒಂದೇ ಅಳತೆಯಲ್ಲಿ ಮಾಡುವುದು, ಹೊಸ ವಿನ್ಯಾಸ, ಲೆಕ್ಕಪತ್ರ, ಗಡುವಿಗೆ ಸರಿಯಾಗಿ ಸರಕು ಕೊಡುವುದು, ಕಲಿತದ್ದು ಇವನ್ನು. ಕಸುಬುದಾರರನ್ನು ಫಲಾನುಭವಿಗಳೆಂದು ಕಾಣದೆ ಪಾಲುದಾರರೆಂದು ಕಂಡದ್ದೇ ಆ ಪ್ರಯತ್ನದ ಹೆಚ್ಚುಗಾರಿಕೆ.

ಸರ್ಕಾರದ ಯೋಜನೆಗಳಿಗೆ ಕೊರತೆಯಿಲ್ಲ. 1976ರಲ್ಲಿ ಹುಟ್ಟಿದ ಲಿಡ್ಕರ್, ಅಂದರೆ ಈಗಿನ ಡಾ. ಬಾಬು ಜಗಜೀವನರಾಂ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ, ತರಬೇತಿ ಮತ್ತು ಮಾರಾಟ ಎರಡನ್ನೂ ನೋಡಿಕೊಳ್ಳುತ್ತದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಪಾದರಕ್ಷೆ ತಯಾರಿಕೆಯೂ ಒಂದು. ಐದರಿಂದ ಏಳು ದಿನದ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಶಿಷ್ಯವೇತನ, ಸಲಕರಣೆಗೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಸಾಲ. ಈಗಾಗಲೇ ಕೆಲಸ ಬಲ್ಲವನಿಗೆ ಇದು ಒಳ್ಳೆಯ ಆಸರೆ. ಆದರೆ ಹೊಸಬನನ್ನು ಏಳು ದಿನದಲ್ಲಿ ಕಸುಬುದಾರನನ್ನಾಗಿ ಮಾಡಲು ಸಾಧ್ಯವಿಲ್ಲ. ವಾರದಲ್ಲಿ ರಂಪಿಗೆ ಕೈಗೆ ಹತ್ತಿದರೆ ಅದೇ ದೊಡ್ಡದು.

ಪ್ರಾಡಾ ಗದ್ದಲಕ್ಕೂ ಒಂದು ಫಲ ಬಂತು. 2025ರ ಡಿಸೆಂಬರ್‌ನಲ್ಲಿ ಕಂಪನಿ ಲಿಡ್ಕರ್ ಮತ್ತು ಮಹಾರಾಷ್ಟ್ರದ ಚರ್ಮೋದ್ಯಮ ನಿಗಮ ಲಿಡ್ಕಾಂ ಜತೆ ಒಪ್ಪಂದ ಮಾಡಿಕೊಂಡಿತು. ಜೋಡಿಗೆ ಸುಮಾರು 800 ಯೂರೊದಂತೆ 2,000 ಜೋಡಿ ಇಲ್ಲೇ ಮಾಡಿಸಿ ಮಾರುವ ಯೋಜನೆ. ಜತೆಗೆ ಕುಶಲಕರ್ಮಿಗಳಿಗೆ ತರಬೇತಿಯ ಮಾತೂ ಇದೆ. ಎಂಟು ಜಿಲ್ಲೆಗಳಿಗೆ 2,000 ಜೋಡಿ ಅಂದರೆ ಹೊಟ್ಟೆ ತುಂಬುವ ಲೆಕ್ಕವಲ್ಲ, ಮರ್ಯಾದೆಯ ಲೆಕ್ಕ. ಅದೂ ಬೇಕಾದದ್ದೇ.

ಹೊಸ ಕೈಗಳು ತಯಾರಾಗಲು ಬೇಕಿರುವುದು ದೀರ್ಘಾವಧಿಯ ಶಿಷ್ಯವೇತನ. ಹತ್ತನೆಯ ತರಗತಿ ಮುಗಿಸಿದ ಹುಡುಗನೋ ಹುಡುಗಿಯೋ ಎರಡು ವರ್ಷ ಬಲ್ಲವರ ಮನೆಯಲ್ಲಿ ಕೂತು ಕಲಿಯುವಷ್ಟು ಕಾಲ ತಿಂಗಳ ಹಣ ಸಿಗಬೇಕು. ಕಲಿಸುವವರಿಗೂ ಸಂಬಳ ಬೇಕು, ತನ್ನ ದಿನದ ದುಡಿಮೆ ಬಿಟ್ಟು ಯಾರು ಕಲಿಸಿಯಾರು? ಮತ್ತು ಈ ಬಾಗಿಲು ಒಂದೇ ಜಾತಿಯ ಮಕ್ಕಳಿಗೆ ಮೀಸಲಾಗದೆ ಎಲ್ಲರಿಗೂ ತೆರೆದಿರಬೇಕು. ಇದಕ್ಕೆ ದಿಲ್ಲಿಯ ದಾರಿ ಕಾಯಬೇಕಿಲ್ಲ. ಕೃಷ್ಣಾ, ದೂಧಗಂಗಾ ತೀರದ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ತಾಲ್ಲೂಕುಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ, ಸಹಕಾರಿ ಬ್ಯಾಂಕುಗಳಿವೆ, ಮಠಗಳಿವೆ, ಐಟಿಐಗಳಿವೆ. ಪ್ರತಿ ಸಂಸ್ಥೆಯೂ ವರ್ಷಕ್ಕೆ ಐವರು ಶಿಷ್ಯರ ಖರ್ಚು ಹೊತ್ತರೆ ಕೆಲಸ ಶುರುವಾಗುತ್ತದೆ. ಓದುಗರಾದ ನೀವು ಮುಂದಿನ ಸಲ ಅಥಣಿ ಕಡೆ ಹೋದಾಗ ಹೊಲಿದವರ ಮನೆ ಬಾಗಿಲಲ್ಲೇ ಒಂದು ಜೋಡಿ ಕೊಳ್ಳಿ, ಹೇಳಿದ ಬೆಲೆಗೆ ಚೌಕಾಸಿ ಮಾಡದೆ ಕೊಳ್ಳಿ.